ಅಟ್ಟದಲ್ಲಿ ಬಚ್ಚಿಟ್ಟ ವಾಚು: ಗುಜರಿಗೆ ಹೋಗಬೇಕಿದ್ದ ಎಲ್ ಪ್ರಿಮೆರೊ ಉಳಿದ ಕಥೆ

ಇವತ್ತಿನ ಕಥೆ ನಡೆಯೋದು 1975ರಲ್ಲಿ, ಸ್ವಿಟ್ಜರ್ಲೆಂಡ್‌ನ ಒಂದು ಬೆಟ್ಟದೂರಿನಲ್ಲಿ. ಅಲ್ಲಿನ ಒಂದು ವಾಚ್ ಕಾರ್ಖಾನೆಗೆ ಮೇಲಿನವರಿಂದ ಆದೇಶ ಬರುತ್ತೆ. ಸ್ಪ್ರಿಂಗ್‌ನಿಂದ ಓಡುವ ವಾಚುಗಳನ್ನು ಇನ್ನು ಮಾಡೋದು ಬೇಡ. ಅವನ್ನು ಮಾಡುವ ಪ್ರೆಸ್, ಅಚ್ಚು, ಉಪಕರಣ ಎಲ್ಲ ತೆಗೆದುಹಾಕಿ, ಗುಜರಿಗೆ ಕೊಡಿ. ತೂಕದ ಲೆಕ್ಕದಲ್ಲಿ ಎಷ್ಟು ಬರುತ್ತೋ ಅಷ್ಟು ಬರಲಿ.

ಕಾರ್ಖಾನೆಯ ಒಬ್ಬ ಫೋರ್‌ಮನ್ ಈ ಆದೇಶವನ್ನು ಪಾಲಿಸಲಿಲ್ಲ. ಅವರ ಹೆಸರು ಶಾರ್ಲ್ ವೆರ್ಮೊ. ಅವರು ಜಗಳ ಆಡಲಿಲ್ಲ, ಮುಷ್ಕರ ಮಾಡಲಿಲ್ಲ, ಪತ್ರಿಕೆಗಳ ಹತ್ತಿರ ಹೋಗಲಿಲ್ಲ. ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಆ ಉಪಕರಣಗಳನ್ನು ಒಂದೊಂದಾಗಿ ಕಾರ್ಖಾನೆಯ ಅಟ್ಟಕ್ಕೆ ಹೊತ್ತುಕೊಂಡು ಹೋಗಿ ಬಚ್ಚಿಟ್ಟರು.

ಸುಮಾರು ಹತ್ತು ವರ್ಷ ಆದಮೇಲೆ ಆ ಅಟ್ಟದ ಸಾಮಾನಿನಿಂದಲೇ ಆ ಕಂಪನಿ ಮತ್ತೆ ಎದ್ದು ನಿಂತಿತು. ರೋಲೆಕ್ಸ್‌ನಂಥ ಕಂಪನಿಯೇ ಅವರ ಬಾಗಿಲಿಗೆ ಬಂತು.

ಗುಜರಿ ಅಂತ ಲೆಕ್ಕ ಹಾಕಿದ ವಸ್ತು ಕಂಪನಿಯ ಅತಿ ದೊಡ್ಡ ಆಸ್ತಿ ಹೇಗಾಯ್ತು? ನಾನು ಓದಿದ್ದು ಬಿಕಾಂ, ಹಾಗಾಗಿ ಈ ಪ್ರಶ್ನೆ ನನ್ನನ್ನ ಸುಮ್ಮನೆ ಬಿಡೋದಿಲ್ಲ. ಆದರೆ ಉತ್ತರ ಸಿಗಬೇಕಾದರೆ ಮೊದಲು ಆ ವಾಚಿನ ಒಳಗೆ ಏನಿತ್ತು ಅಂತ ನೋಡಬೇಕು.

ಹಿಮದ ಊರು, ಹಲ್ಲುಚಕ್ರದ ಊರು

ಊರಿನ ಹೆಸರು ಲ ಲೋಕ್ಲ್. ಸ್ವಿಟ್ಜರ್ಲೆಂಡ್‌ನ ಪಶ್ಚಿಮಕ್ಕೆ, ಫ್ರಾನ್ಸ್ ಗಡಿಗೆ ಅಂಟಿಕೊಂಡಂತೆ ಯೂರಾ ಬೆಟ್ಟಗಳಿವೆ. ಅಲ್ಲಿ ಸಮುದ್ರ ಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ ಈ ಊರು. ಚಳಿಗಾಲ ದೀರ್ಘ, ಹಿಮ ಬಿದ್ದರೆ ಹೊಲದ ಕೆಲಸ ಬಂದ್. ಅಲ್ಲಿನ ರೈತ ಕುಟುಂಬಗಳು ಆ ತಿಂಗಳುಗಳಲ್ಲಿ ಕಿಟಕಿ ಪಕ್ಕ ಕೂತು ಗಡಿಯಾರದ ಬಿಡಿಭಾಗಗಳನ್ನು ಮಾಡ್ತಿದ್ದರು. ಒಂದು ಮನೆಯಲ್ಲಿ ಚಕ್ರ, ಇನ್ನೊಂದು ಮನೆಯಲ್ಲಿ ಮುಳ್ಳು, ಮತ್ತೊಂದು ಹಳ್ಳಿಯಲ್ಲಿ ಡಯಲ್. ವ್ಯಾಪಾರಿಗಳು ಇವನ್ನೆಲ್ಲ ಒಟ್ಟುಗೂಡಿಸಿ ಜೋಡಿಸಿ ಮಾರುತ್ತಿದ್ದರು. ನಮ್ಮಲ್ಲಿ ಮನೆಮನೆಯಲ್ಲಿ ಬೀಡಿ ಕಟ್ಟಿಸ್ತಾರಲ್ಲ, ವ್ಯವಸ್ಥೆ ಹೆಚ್ಚುಕಮ್ಮಿ ಹಾಗೇ.

ಈ ಊರೂ, ಪಕ್ಕದ ಲಾ ಶೋ-ಡ-ಫೋಂ ಪಟ್ಟಣವೂ ಬೆಳೆದದ್ದೇ ವಾಚಿನಿಂದ. ಕಿಟಕಿಗೆ ಬೆಳಕು ಚೆನ್ನಾಗಿ ಬೀಳಲಿ ಅಂತ ಬೀದಿಗಳನ್ನೂ ಮನೆಗಳನ್ನೂ ಲೆಕ್ಕ ಹಾಕಿ ಕಟ್ಟಿದ್ದಾರೆ. 2009ರಲ್ಲಿ ಯುನೆಸ್ಕೊ ಇವೆರಡು ಪಟ್ಟಣಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

1865ರಲ್ಲಿ ಇಲ್ಲಿ ಜಾರ್ಜ್ ಫಾವ್ರ್-ಜಾಕೊ ಅನ್ನೋ ಯುವಕ ಒಂದು ಕಾರ್ಖಾನೆ ಶುರು ಮಾಡ್ತಾರೆ. ವಯಸ್ಸು ಇಪ್ಪತ್ತೆರಡರ ಆಸುಪಾಸು. ಅವರ ಐಡಿಯಾ ಸರಳ: ಮನೆಮನೆ ಸುತ್ತೋದು ಯಾಕೆ, ಎಲ್ಲ ಕುಶಲಕರ್ಮಿಗಳೂ ಒಂದೇ ಸೂರಿನ ಕೆಳಗೆ ಕೂರಲಿ. ಕೈ ಒಂದೇ ಕಡೆ ಸೇರಿದರೆ ಗುಣಮಟ್ಟವೂ ಒಂದೇ ಥರ ಬರುತ್ತೆ. ಈ ಕಂಪನಿಗೇ ಮುಂದೆ ಜೆನಿತ್ ಅಂತ ಹೆಸರು ಬಂತು.

ಈ ವಿಷಯ ನೆನಪಲ್ಲಿಟ್ಟುಕೊಳ್ಳಿ. ಬಿಡಿಭಾಗ ಹೊರಗಿನಿಂದ ತಂದು ಜೋಡಿಸುವ ಕಂಪನಿಗೂ, ಯಂತ್ರವನ್ನೇ ತಾನೇ ಮಾಡುವ ಕಂಪನಿಗೂ ದೊಡ್ಡ ವ್ಯತ್ಯಾಸ ಇದೆ. ಕಥೆಯ ಕೊನೆಗೆ ಬೆಲೆ ಬಂದದ್ದು ಆ ಎರಡನೇ ಗುಣಕ್ಕೆ.

ಬ್ಯಾಟರಿ ಇಲ್ಲದ ವಾಚು ಓಡೋದು ಹೇಗೆ?

ಒಂದು ಮೆಕ್ಯಾನಿಕಲ್ ವಾಚಿನ ಹಿಂದಿನ ಮುಚ್ಚಳ ತೆಗೆದರೆ ಮೂರು ಮುಖ್ಯ ಸಂಗತಿ ಕಾಣುತ್ತೆ. ಮೊದಲನೆಯದು ಶಕ್ತಿ. ಒಂದು ಉದ್ದನೆಯ ಸ್ಪ್ರಿಂಗ್ ಪಟ್ಟಿಯನ್ನು ಡಬ್ಬಿಯೊಳಗೆ ಸುರುಳಿ ಸುತ್ತಿಟ್ಟಿರ್ತಾರೆ. ಕೀ ಕೊಟ್ಟಾಗ ಅದು ಬಿಗಿಯಾಗುತ್ತೆ, ಆಮೇಲೆ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ. ಎರಡನೆಯದು ಹಲ್ಲುಚಕ್ರಗಳ ಸಾಲು. ಆ ಶಕ್ತಿಯನ್ನು ಮುಳ್ಳುಗಳವರೆಗೆ ಸಾಗಿಸೋದು ಇವುಗಳ ಕೆಲಸ.

ಮೂರನೆಯದೇ ಅಸಲಿ ವಿಷಯ. ಸುಮ್ಮನೆ ಬಿಟ್ಟರೆ ಸ್ಪ್ರಿಂಗ್ ಕ್ಷಣಾರ್ಧದಲ್ಲಿ ಗರ್ರನೆ ಬಿಚ್ಚಿಕೊಂಡುಬಿಡುತ್ತೆ. ಅದನ್ನು ತಡೆದು, ಒಂದೊಂದೇ ಹೆಜ್ಜೆ ಬಿಡಬೇಕು. ಆ ಕೆಲಸಕ್ಕೆ ಬ್ಯಾಲೆನ್ಸ್ ವೀಲ್ ಇದೆ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಕಟ್ಟಿಕೊಂಡು ಆ ಪುಟ್ಟ ಚಕ್ರ ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತೆ. ಪ್ರತಿ ತೂಗಿಗೂ ಒಂದು ಹಲ್ಲು ಮುಂದಕ್ಕೆ ಹೋಗೋಕೆ ಬಿಡುತ್ತೆ. ನಮಗೆ ಕೇಳಿಸೋ ಟಿಕ್ ಟಿಕ್ ಸದ್ದು ಬರೋದು ಅಲ್ಲಿಂದ.

ಹಳೇ ವಾಚುಗಳ ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿರೋದನ್ನ ನೋಡಿರ್ತೀರಿ. ಅದು ಆಭರಣದ ಲೆಕ್ಕ ಅಲ್ಲ. ಚಕ್ರಗಳ ತುದಿ ಕೂರೋ ಜಾಗದಲ್ಲಿ ಲೋಹಕ್ಕೆ ಲೋಹ ಉಜ್ಜಿದರೆ ಸವೆಯುತ್ತೆ. ಹಾಗಾಗಿ ಅಲ್ಲಿ ಕೃತಕ ಮಾಣಿಕ್ಯದ ಪುಟ್ಟ ಕಲ್ಲುಗಳನ್ನು ಕೂರಿಸ್ತಾರೆ.

ಒಂದು ಲೆಕ್ಕ ಹೇಳ್ತೀನಿ. ದಿನಕ್ಕೆ 86,400 ಸೆಕೆಂಡು. ಒಂದು ವಾಚು ದಿನಕ್ಕೆ 5 ಸೆಕೆಂಡು ಹಿಂದೆ ಬಿತ್ತು ಅನ್ನಿ, ಆಗಲೂ ಅದು ಶೇಕಡಾ 99.99ಕ್ಕಿಂತ ಹೆಚ್ಚು ಸರಿ ಇದೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಬರೀ ಉಕ್ಕು, ಹಿತ್ತಾಳೆ ಮತ್ತು ಕಲ್ಲು. ಈ ಮಟ್ಟ ಮುಟ್ಟೋಕೆ ಮನುಷ್ಯರಿಗೆ ಕೆಲವು ಶತಮಾನ ಬೇಕಾಯ್ತು.

1969ರ ಓಟ

ಈಗ ಕ್ರೋನೊಗ್ರಾಫ್ ವಿಷಯಕ್ಕೆ ಬರೋಣ. ಸಮಯ ತೋರಿಸೋದರ ಜೊತೆಗೆ ಸ್ಟಾಪ್‌ವಾಚ್ ಕೆಲಸವನ್ನೂ ಮಾಡುವ ಕೈಗಡಿಯಾರಕ್ಕೆ ಈ ಹೆಸರು. ಪಕ್ಕದಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಓಡುತ್ತೆ, ಮತ್ತೆ ಒತ್ತಿದರೆ ನಿಲ್ಲುತ್ತೆ, ಕೆಳಗಿನದು ಒತ್ತಿದರೆ ಸೊನ್ನೆಗೆ ಬರುತ್ತೆ. ಫೋನ್‌ನಲ್ಲಿ ಇದು ಒಂದು ಟಚ್ ಅಷ್ಟೇ. ವಾಚಿನೊಳಗೆ ಇದನ್ನು ಸಾಧಿಸಬೇಕಾದರೆ, ಓಡ್ತಾ ಇರುವ ಒಂದು ಯಂತ್ರಕ್ಕೆ ಇನ್ನೊಂದು ಯಂತ್ರವನ್ನು ನಡುದಾರಿಯಲ್ಲಿ ಜೋಡಿಸಬೇಕು, ಬೇಕೆಂದಾಗ ಬಿಡಿಸಬೇಕು. ಸಮಯ ತೋರಿಸುವ ಮುಳ್ಳು ಮಾತ್ರ ಒಂದು ಚೂರೂ ಅಲುಗಾಡಬಾರದು.

ಒಳ್ಳೆಯ ಕ್ರೋನೊಗ್ರಾಫ್‌ಗಳಲ್ಲಿ ಇದಕ್ಕೆ ಕಾಲಮ್ ವೀಲ್ ಅನ್ನೋ ಭಾಗ ಇರುತ್ತೆ. ಚಿತ್ರದುರ್ಗದ ಕೋಟೆಗೆ ಹೋದವರು ಬುರುಜಿನ ಮೇಲಿನ ತೆನೆಗಳನ್ನ ನೋಡಿರ್ತೀರಿ, ನಡುನಡುವೆ ಖಾಲಿ ಬಿಟ್ಟು ಕಟ್ಟಿರ್ತಾರಲ್ಲ. ಕಾಲಮ್ ವೀಲ್ ಕೂಡ ಹಾಗೇ, ಮೇಲೆ ಕಂಬ ಎದ್ದಿರುವ ಒಂದು ಪುಟ್ಟ ಚಕ್ರ. ಗುಂಡಿ ಒತ್ತಿದಾಗಲೆಲ್ಲ ಅದು ಒಂದು ಹೆಜ್ಜೆ ತಿರುಗುತ್ತೆ. ಸನ್ನೆಯ ಮೂತಿ ಕಂಬದ ಮೇಲಿದ್ದರೆ ಒಂದು ಕೆಲಸ, ಖಾಲಿ ಜಾಗಕ್ಕೆ ಇಳಿದರೆ ಇನ್ನೊಂದು ಕೆಲಸ. ಸೊನ್ನೆಗೆ ತರೋಕೆ ಹೃದಯದ ಆಕಾರದ ಒಂದು ತುಂಡಿದೆ. ಪುಟ್ಟ ಸುತ್ತಿಗೆಯೊಂದು ಬಂದು ಅದಕ್ಕೆ ಬಡಿದರೆ, ಮುಳ್ಳು ಎಲ್ಲೇ ಇರಲಿ, ಆ ಆಕಾರದಿಂದಾಗಿ ತಿರುಗಿಕೊಂಡು ಮೇಲಕ್ಕೇ ಬಂದು ನಿಲ್ಲುತ್ತೆ. 19ನೇ ಶತಮಾನದಲ್ಲಿ ಹೊಳೆದ ಈ ಉಪಾಯ ಇವತ್ತಿಗೂ ಬದಲಾಗಿಲ್ಲ.

1960ರ ದಶಕದವರೆಗೆ ಕೈಗೆ ಕಟ್ಟುವ ಕ್ರೋನೊಗ್ರಾಫ್‌ಗಳಿಗೆಲ್ಲ ಕೀ ಕೊಡಲೇಬೇಕಿತ್ತು. ಸಾಮಾನ್ಯ ವಾಚುಗಳು ಅಷ್ಟೊತ್ತಿಗೆ ಆಟೊಮ್ಯಾಟಿಕ್ ಆಗಿದ್ದವು, ಅಂದರೆ ಒಳಗೆ ರೋಟರ್ ಎಂಬ ಭಾರದ ತುಂಡು, ಕೈ ಆಡಿದ ಹಾಗೆ ತಿರುಗಿ ಸ್ಪ್ರಿಂಗ್‌ಗೆ ತಾನೇ ಕೀ ಕೊಡ್ತಿತ್ತು. ಆದರೆ ಸಮಸ್ಯೆ ಜಾಗದ್ದು. ರೋಟರ್ ಕೂರೋದೂ ಯಂತ್ರದ ಹಿಂಬದಿಯಲ್ಲಿ, ಕ್ರೋನೊಗ್ರಾಫ್ ಭಾಗಗಳು ಕೂರೋದೂ ಅಲ್ಲೇ. ಎರಡನ್ನೂ ಒಂದರ ಮೇಲೊಂದು ಪೇರಿಸಿದರೆ ವಾಚು ಕೈಮೇಲೆ ಡಬ್ಬಿ ಇಟ್ಟ ಹಾಗೆ ದಪ್ಪ ಆಗುತ್ತೆ.

ಇದನ್ನು ಬಿಡಿಸೋಕೆ ಮೂರು ತಂಡ ಒಂದೇ ಕಾಲಕ್ಕೆ ಓಡ್ತಾ ಇತ್ತು. ಒಂದು ಕಡೆ ಹೋಯರ್, ಬ್ರೈಟ್ಲಿಂಗ್, ಹ್ಯಾಮಿಲ್ಟನ್-ಬ್ಯೂರೆನ್ ಸೇರಿದ ಒಕ್ಕೂಟ. ಇನ್ನೊಂದು ಕಡೆ ಜಪಾನಿನ ಸೈಕೊ. ಮೂರನೆಯದು ಜೆನಿತ್. ಜೆನಿತ್ ಈ ಕೆಲಸ ಶುರು ಮಾಡಿದ್ದು 1962ರಲ್ಲಿ. 1965ರ ಶತಮಾನೋತ್ಸವಕ್ಕೆ ಮುಗಿಸೋ ಪ್ಲಾನ್ ಇತ್ತು, ಆಗಲಿಲ್ಲ. 1969ರ ಜನವರಿ 10ರಂದು ಪತ್ರಕರ್ತರನ್ನ ಕರೆದು ತೋರಿಸಿದರು. ಒಕ್ಕೂಟ ಮಾರ್ಚ್ 3ರಂದು ತನ್ನದನ್ನು ಘೋಷಿಸಿತು. ಸೈಕೊ ಮೇ ಹೊತ್ತಿಗೆ ಜಪಾನಿನ ಅಂಗಡಿಗಳಲ್ಲಿ ಮಾರ್ತಾ ಇತ್ತು. ಯಾರು ಮೊದಲು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಘೋಷಣೆ ಲೆಕ್ಕಕ್ಕೆ ತಗೊಂಡರೆ ಒಂದು ಉತ್ತರ, ಅಂಗಡಿಗೆ ಬಂದದ್ದನ್ನ ತಗೊಂಡರೆ ಇನ್ನೊಂದು. ಜೆನಿತ್ ಮಾತ್ರ ಹೆಸರಲ್ಲೇ ತೀರ್ಪು ಕೊಟ್ಟುಬಿಟ್ಟಿತು. ಎಲ್ ಪ್ರಿಮೆರೊ ಅಂದರೆ ಸ್ಪ್ಯಾನಿಷ್‌ನಲ್ಲಿ ‘ಮೊದಲನೆಯದು’.

ಹೆಸರಿನ ಜಗಳ ಬಿಡಿ. ಎಂಜಿನಿಯರಿಂಗ್ ನೋಡಿ. ಒಕ್ಕೂಟದವರು ಪುಟ್ಟ ರೋಟರ್ ಇಟ್ಟು, ಅದರ ಮೇಲೆ ಕ್ರೋನೊಗ್ರಾಫ್ ಭಾಗವನ್ನು ಪ್ರತ್ಯೇಕ ತಟ್ಟೆಯಾಗಿ ಕೂರಿಸಿದರು. ಜೆನಿತ್ ಎಲ್ಲವನ್ನೂ ಒಂದೇ ಯಂತ್ರವಾಗಿ ಮೊದಲಿನಿಂದ ಹೆಣೆಯಿತು. ಅದಕ್ಕೆ ಪೂರ್ತಿ ಅಳತೆಯ ರೋಟರ್ ಇತ್ತು, ಕಾಲಮ್ ವೀಲ್ ಇತ್ತು, ತಾರೀಖೂ ಇತ್ತು. ಇಷ್ಟೆಲ್ಲ ಇದ್ದೂ ಯಂತ್ರದ ದಪ್ಪ 6.5 ಮಿಲಿಮೀಟರ್.

ಇನ್ನೊಂದು ವಿಶೇಷ ಅದರ ವೇಗ. ಆ ಕಾಲದ ಎಷ್ಟೋ ವಾಚುಗಳ ಬ್ಯಾಲೆನ್ಸ್ ವೀಲ್ ಗಂಟೆಗೆ 18,000 ಸಲ ತೂಗುತ್ತಿತ್ತು. ಎಲ್ ಪ್ರಿಮೆರೊದ್ದು 36,000. ಅಂದರೆ ಸೆಕೆಂಡಿಗೆ 10 ಬಡಿತ. ಸ್ಟಾಪ್‌ವಾಚಿನ ಮುಳ್ಳು ಸೆಕೆಂಡಿನ ಹತ್ತನೇ ಒಂದು ಭಾಗವನ್ನ ಅಳೆಯಬಲ್ಲದು. ದಿನಕ್ಕೆ 8 ಲಕ್ಷ 64 ಸಾವಿರ ಬಡಿತ, ವರ್ಷಕ್ಕೆ 31 ಕೋಟಿಗೂ ಹೆಚ್ಚು.

ವೇಗ ಸುಮ್ಮನೆ ಬರಲ್ಲ. ಅಷ್ಟು ಜೋರಾಗಿ ಓಡುವ ಭಾಗಕ್ಕೆ ಮಾಮೂಲಿ ಎಣ್ಣೆ ಬಿಟ್ಟರೆ ಅದು ಸಿಡಿದು ಹೋಗುತ್ತೆ. ಅದಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಅನ್ನೋ ಒಣ ಪುಡಿಯಂಥ ಜಾರುವಸ್ತುವನ್ನ ಬಳಸಬೇಕಾಯ್ತು. ಜೋರಾಗಿ ಓಡಿದರೆ ಸ್ಪ್ರಿಂಗ್ ಬೇಗ ಖಾಲಿ ಆಗಬೇಕಲ್ವಾ? ಆದರೂ ಪೂರ್ತಿ ಕೀ ಇದ್ದರೆ ಸುಮಾರು 50 ಗಂಟೆ ಓಡುವ ಹಾಗೆ ಮಾಡಿದರು.

ಹೊರಗಿನ ವಿನ್ಯಾಸದಲ್ಲೂ ಧೈರ್ಯ ಇತ್ತು. ಎ386 ಅನ್ನೋ ಮಾದರಿಯಲ್ಲಿ ಡಯಲ್ ಮೇಲಿನ ಮೂರು ಪುಟ್ಟ ವೃತ್ತಗಳಿಗೆ ಮೂರು ಬಣ್ಣ: ತಿಳಿ ಬೂದು, ಕಡು ಬೂದು, ನೀಲಿ. ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡ ಹಾಗೆ. ನೋಡೋಕೆ ಚೆಂದ ಅನ್ನೋದರ ಜೊತೆಗೆ, ಯಾವ ವೃತ್ತ ಏನು ಅಳೀತಿದೆ ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತೆ. ಇವತ್ತು ಆ ಮೂರು ಬಣ್ಣ ಕಂಡರೆ ಸಾಕು, ವಾಚು ಗೊತ್ತಿರೋರು ಹೆಸರು ಹೇಳ್ತಾರೆ.

ಅದೇ ವರ್ಷದ ಕ್ರಿಸ್‌ಮಸ್

1969ರ ಡಿಸೆಂಬರ್ 25. ಟೋಕಿಯೊದಲ್ಲಿ ಸೈಕೊ ಕಂಪನಿ ಆಸ್ಟ್ರಾನ್ ಅನ್ನೋ ವಾಚನ್ನ ಮಾರಾಟಕ್ಕೆ ಇಟ್ಟಿತು. ಪ್ರಪಂಚದ ಮಾರುಕಟ್ಟೆಗೆ ಬಂದ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಅದು. ಚಿನ್ನದ ಕೇಸು, ಬೆಲೆ 4,50,000 ಯೆನ್. ಆಗ ಜಪಾನ್‌ನಲ್ಲಿ ಆ ದುಡ್ಡಿಗೆ ಒಂದು ಸಣ್ಣ ಕಾರು ಬರ್ತಿತ್ತು.

ಕ್ವಾರ್ಟ್ಜ್ ವಾಚಿನಲ್ಲಿ ಬ್ಯಾಲೆನ್ಸ್ ವೀಲ್ ಇಲ್ಲ. ಬ್ಯಾಟರಿಯಿಂದ ವಿದ್ಯುತ್ ಹರಿಸಿದಾಗ ಸ್ಫಟಿಕದ ಚೂರೊಂದು ತುಂಬ ನಿಯಮಿತವಾಗಿ ಕಂಪಿಸುತ್ತೆ. ಆಸ್ಟ್ರಾನ್‌ನದ್ದು ಸೆಕೆಂಡಿಗೆ 8,192 ಸಲ. ಆಮೇಲೆ 32,768 ಅನ್ನೋ ಸಂಖ್ಯೆ ಎಲ್ಲ ಕಡೆ ಗಟ್ಟಿಯಾಯ್ತು. ಅದನ್ನು ಅರ್ಧ, ಅರ್ಧ ಅಂತ ಹದಿನೈದು ಸಲ ಮಾಡಿ ನೋಡಿ, ಸರಿಯಾಗಿ 1 ಬರುತ್ತೆ. ಸೆಕೆಂಡಿಗೆ ಒಂದು ಹೆಜ್ಜೆ. ತಿಂಗಳಿಗೆ ತಪ್ಪೋದು 5 ಸೆಕೆಂಡಿನಷ್ಟು. ದಿನಕ್ಕೆ 5 ಸೆಕೆಂಡಿಗೆ ಬೆವರು ಸುರಿಸ್ತಿದ್ದ ಲೋಕಕ್ಕೆ ಇದು ಎಂಥ ಹೊಡೆತ ಅಂತ ಯೋಚಿಸಿ. ಆರಂಭದಲ್ಲಿ ಕಾರಿನಷ್ಟಿದ್ದ ಬೆಲೆ ಕೆಲವೇ ವರ್ಷಗಳಲ್ಲಿ ದಡದಡ ಇಳಿಯಿತು.

ಅದರ ಜೊತೆಗೇ ಕರೆನ್ಸಿ ಏಟೂ ಬಿತ್ತು. ಎಲ್ಲರೂ ಕ್ವಾರ್ಟ್ಜ್ ಅಂತಾರೆ, ಇದನ್ನು ಮರೀತಾರೆ. 1970ರಲ್ಲಿ ಒಂದು ಡಾಲರ್‌ಗೆ ಸುಮಾರು 4.3 ಸ್ವಿಸ್ ಫ್ರಾಂಕ್. 1975ಕ್ಕೆ ಅದು 2.6ರ ಆಸುಪಾಸಿಗೆ ಬಂತು. ಅಂದರೆ 430 ಫ್ರಾಂಕಿನ ವಾಚು ಅಮೆರಿಕದವರಿಗೆ ಮೊದಲು 100 ಡಾಲರ್, ಈಗ ಅದೇ ವಾಚಿಗೆ 165 ಡಾಲರ್. ಕಾರ್ಖಾನೆಯಲ್ಲಿ ಏನೂ ಬದಲಾಗಿಲ್ಲ, ಬೆಲೆ ಮಾತ್ರ ಏರಿಬಿಡ್ತು. ಎದುರಿಗೆ ಅಗ್ಗದ, ಹೆಚ್ಚು ನಿಖರವಾದ ಜಪಾನಿ ವಾಚು.

1970ರಲ್ಲಿ ಸ್ವಿಸ್ ವಾಚ್ ಉದ್ಯಮದಲ್ಲಿ ಸುಮಾರು 90,000 ಜನ ಕೆಲಸ ಮಾಡ್ತಿದ್ದರು. 1980ರ ದಶಕದ ನಡುವಿನ ಹೊತ್ತಿಗೆ ಉಳಿದದ್ದು 30,000 ಚಿಲ್ಲರೆ. ವಾಚು ಬಿಟ್ಟರೆ ಬೇರೆ ಉದ್ಯೋಗವೇ ಕಡಿಮೆ ಇದ್ದ ಲ ಲೋಕ್ಲ್‌ನಂಥ ಊರಲ್ಲಿ ಇದರ ಅರ್ಥ ಏನು ಅಂತ ವಿವರಿಸಬೇಕಾಗಿಲ್ಲ.

ಶಾರ್ಲ್ ವೆರ್ಮೊ ಏನನ್ನು ಉಳಿಸಿದರು?

1970ರ ದಶಕದ ಶುರುವಿನಲ್ಲಿ ಜೆನಿತ್ ಕಂಪನಿ ಅಮೆರಿಕದ ಕೈಗೆ ಹೋಗಿತ್ತು. ಕೊಂಡವರ ಹೆಸರೂ ಜೆನಿತ್ತೇ! ಷಿಕಾಗೊದ ಜೆನಿತ್ ರೇಡಿಯೊ ಕಾರ್ಪೊರೇಷನ್. ಟಿವಿ, ರೇಡಿಯೊ ಮಾಡುವವರು, ಟಿವಿ ರಿಮೋಟ್ ಅನ್ನು ಜನಪ್ರಿಯ ಮಾಡಿದವರಲ್ಲಿ ಮೊದಲಿಗರು. ಎಲೆಕ್ಟ್ರಾನಿಕ್ಸ್ ಅವರ ರಕ್ತದಲ್ಲಿತ್ತು. ಅವರ ಕಣ್ಣಿಗೆ ಭವಿಷ್ಯ ಅಂದರೆ ಕ್ವಾರ್ಟ್ಜ್. ಆ ಹೊತ್ತಿನ ಅಂಕಿಸಂಖ್ಯೆ ನೋಡಿದರೆ ಅವರನ್ನು ದಡ್ಡರು ಅನ್ನೋಕೆ ಆಗಲ್ಲ. 1975ರಲ್ಲಿ ಮೆಕ್ಯಾನಿಕಲ್ ವಾಚು ಮಾಡೋದನ್ನ ನಿಲ್ಲಿಸುವ ತೀರ್ಮಾನ ಆಯ್ತು.

ಶಾರ್ಲ್ ವೆರ್ಮೊ ಯಂತ್ರದ ಮೂಲ ಭಾಗಗಳನ್ನು ತಯಾರಿಸುವ ನಾಲ್ಕನೇ ವರ್ಕ್‌ಶಾಪಿನ ಫೋರ್‌ಮನ್. ಎಲ್ ಪ್ರಿಮೆರೊ ರೂಪುಗೊಂಡದ್ದನ್ನು ಹತ್ತಿರದಿಂದ ಕಂಡವರು. ಅವರು ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ: ಮೇಲಿನವರಿಗೆ ಪತ್ರ ಬರೆದರು. ಪೂರ್ತಿ ನಿಲ್ಲಿಸಬೇಡಿ, ಒಂದು ಮೂಲೆಯಲ್ಲಾದರೂ ಈ ಕೆಲಸ ಉಳಿಸಿಕೊಳ್ಳಿ ಅಂತ ಕೇಳಿಕೊಂಡರು. ಉಪಯೋಗ ಆಗಲಿಲ್ಲ.

ಆಮೇಲೆ ಅಟ್ಟದ ಕೆಲಸ ಶುರುವಾಯ್ತು. ಸುಮಾರು 150 ಪ್ರೆಸ್‌ಗಳು, ಅವುಗಳ ಜೊತೆಗೆ ಕ್ಯಾಮ್‌ಗಳು, ಕತ್ತರಿಸುವ ಉಪಕರಣಗಳು, ನಕ್ಷೆಗಳು. ಒಂದೊಂದಕ್ಕೂ ಚೀಟಿ ಅಂಟಿಸಿ ಗುರುತು ಹಾಕಿದರು. ಯಾವುದು ಯಾವ ಭಾಗಕ್ಕೆ, ಯಾವ ಕೆಲಸ ಯಾವುದಾದ ಮೇಲೆ ಅನ್ನೋದನ್ನು ಬರೆದಿಟ್ಟರು. ಎಲ್ಲವೂ ಕಾರ್ಖಾನೆಯ ಒಂದು ಹಳೇ ಅಟ್ಟ ಸೇರಿತು. ಆ ಅಟ್ಟವನ್ನು ಗೋಡೆ ಹಾಕಿ ಮುಚ್ಚಲಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ವೆರ್ಮೊ ಬಚ್ಚಿಟ್ಟದ್ದು ವಾಚುಗಳನ್ನಲ್ಲ. ನಾವಾಗಿದ್ದರೆ ನೂರಾರು ವಾಚು ತೆಗೆದಿಡ್ತಿದ್ವೇನೋ, ಮುಂದೊಂದು ದಿನ ಬೆಲೆ ಬರುತ್ತೆ ಅಂತ. ಅವರು ಉಳಿಸಿದ್ದು ವಾಚು ಮಾಡುವ ಸಾಮಾನನ್ನ.

ಅದರ ಮಹತ್ವ ಅರ್ಥ ಆಗೋಕೆ ಚಕ್ಕುಲಿ ನೆನೆಸಿಕೊಳ್ಳಿ. ಡಬ್ಬಿ ತುಂಬ ಚಕ್ಕುಲಿ ಉಳಿಸಿದರೆ ತಿಂದ ಮೇಲೆ ಖಾಲಿ. ಚಕ್ಕುಲಿ ಒರಳು ಉಳಿಸಿದರೆ, ಜೊತೆಗೆ ಹಿಟ್ಟಿನ ಹದ ಬರೆದಿಟ್ಟಿದ್ದರೆ, ಯಾವತ್ತು ಬೇಕಾದರೂ ಹೊಸದಾಗಿ ಕರಿಯಬಹುದು. ವಾಚಿನಲ್ಲಿ ಈ ಮಾತು ನೂರು ಪಟ್ಟು ನಿಜ. ನೂರಾರು ಬಿಡಿಭಾಗ, ಪ್ರತಿಯೊಂದಕ್ಕೂ ಅದರದ್ದೇ ಅಚ್ಚು. ಲೋಹದ ಹಾಳೆಯಿಂದ ಒಂದು ಸನ್ನೆಯ ಆಕಾರ ಕತ್ತರಿಸೋಕೆ ಒಂದು ಪ್ರೆಸ್ ಉಪಕರಣ, ಅದರ ಅಂಚು ಸರಿ ಮಾಡೋಕೆ ಇನ್ನೊಂದು. ಆಟೊಮ್ಯಾಟಿಕ್ ಲೇತ್‌ನಲ್ಲಿ ಒಂದು ಪುಟ್ಟ ಅಚ್ಚುಗಂಬಿ ಕಡೆಯಬೇಕಾದರೆ ಅದರ ಆಕಾರಕ್ಕೆ ಹೊಂದುವ ಕ್ಯಾಮ್ ಬೇಕು. ಆಗ ಕಂಪ್ಯೂಟರ್‌ನಲ್ಲಿ ಫೈಲ್ ಇರಲಿಲ್ಲ. ಆ ಉಕ್ಕಿನ ತುಂಡೇ ಫೈಲ್. ಅದನ್ನ ಕರಗಿಸಿದರೆ ಡಿಲೀಟ್ ಮಾಡಿದ ಹಾಗೆ, ಬ್ಯಾಕಪ್ ಇಲ್ಲ. ನಕ್ಷೆ ಇದ್ದರೂ ಅವೆಲ್ಲವನ್ನೂ ಮತ್ತೆ ಮಾಡಿಸೋದು ಅಂದರೆ ವರ್ಷಗಟ್ಟಲೆ ಕೆಲಸ, ಭಾರಿ ಬಂಡವಾಳ. ಯಾವ ಹೂಡಿಕೆದಾರನೂ ಮುಂದೆ ಬರ್ತಿರಲಿಲ್ಲ.

ಅಟ್ಟದ ಬಾಗಿಲು ತೆರೆದಾಗ

1978ರಲ್ಲಿ ಅಮೆರಿಕದವರು ಕಂಪನಿಯನ್ನ ಮಾರಿದರು. ಕೊಂಡದ್ದು ಲ ಲೋಕ್ಲ್‌ನದ್ದೇ ಆದ ಡಿಕ್ಸಿ ಸಮೂಹ, ನಿಖರ ಯಂತ್ರೋಪಕರಣ ತಯಾರಿಸುವವರು. 1980ರ ದಶಕದ ಆರಂಭದಲ್ಲಿ ಎಬೆಲ್ ಅನ್ನೋ ಸ್ವಿಸ್ ಬ್ರ್ಯಾಂಡ್ ಒಳ್ಳೆಯ ಆಟೊಮ್ಯಾಟಿಕ್ ಕ್ರೋನೊಗ್ರಾಫ್ ಯಂತ್ರ ಹುಡುಕಿಕೊಂಡು ಜೆನಿತ್ ಹತ್ತಿರ ಬಂತು. ಹಳೇ ದಾಸ್ತಾನಿನ ಎಲ್ ಪ್ರಿಮೆರೊ ಯಂತ್ರಗಳು ಅವರ ವಾಚಿನೊಳಗೆ ಕೂತವು. ಕ್ವಾರ್ಟ್ಜ್ ಗೆದ್ದ ಮೇಲೂ ಮೆಕ್ಯಾನಿಕಲ್ ವಾಚಿಗೆ ದುಡ್ಡು ಕೊಡೋ ಜನ ಇದ್ದಾರೆ ಅಂತ ಆಗ ಗೊತ್ತಾಯ್ತು. ನಿಖರತೆಗೆ ಅಲ್ಲ, ಆ ಕೈಚಳಕಕ್ಕೆ.

ದಾಸ್ತಾನು ಎಷ್ಟು ದಿನ ಬಂದೀತು? 1984ರಲ್ಲಿ ಎಲ್ ಪ್ರಿಮೆರೊ ಮತ್ತೆ ತಯಾರಾಗೋಕೆ ಶುರುವಾಯ್ತು. ಸಾಧ್ಯವಾದದ್ದು ಅಟ್ಟದಿಂದ ಇಳಿಸಿದ ಆ ಉಪಕರಣಗಳಿಂದ, ವೆರ್ಮೊ ಬರೆದಿಟ್ಟ ಟಿಪ್ಪಣಿಗಳಿಂದ.

ಆಮೇಲೆ ಬಂದದ್ದು ರೋಲೆಕ್ಸ್. ಅವರ ಡೇಟೋನಾ ಕ್ರೋನೊಗ್ರಾಫ್‌ಗೆ ಅಲ್ಲಿಯವರೆಗೂ ಕೀ ಕೊಡಬೇಕಿತ್ತು. 1988ರಲ್ಲಿ ಆಟೊಮ್ಯಾಟಿಕ್ ಡೇಟೋನಾ ಹೊರಬಂದಾಗ ಅದರ ಒಳಗಿದ್ದದ್ದು ಎಲ್ ಪ್ರಿಮೆರೊ. ರೋಲೆಕ್ಸ್ ಅದನ್ನು ಇದ್ದ ಹಾಗೆ ಬಳಸಲಿಲ್ಲ. ತಾರೀಖು ತೆಗೆದರು, ಬ್ಯಾಲೆನ್ಸ್ ವೀಲ್ ತಮ್ಮದು ಹಾಕಿದರು, ವೇಗವನ್ನು 28,800ಕ್ಕೆ ಇಳಿಸಿದರು, ಇನ್ನೂ ಎಷ್ಟೋ ಭಾಗ ಬದಲಿಸಿದರು. ಆದರೆ ಬುನಾದಿ ಲ ಲೋಕ್ಲ್‌ನದ್ದೇ. 2000ದಲ್ಲಿ ತಮ್ಮದೇ ಯಂತ್ರ ತರುವವರೆಗೂ ಅವರು ಇದನ್ನೇ ಬಳಸಿದರು. 1999ರಲ್ಲಿ ಫ್ರಾನ್ಸ್‌ನ ಎಲ್‌ವಿಎಂಎಚ್ ಸಮೂಹ ಜೆನಿತ್ ಕಂಪನಿಯನ್ನು ಕೊಂಡುಕೊಂಡಿತು. ಆ ಖರೀದಿಯಲ್ಲಿ ಎಲ್ ಪ್ರಿಮೆರೊಗೆ ಎಷ್ಟು ತೂಕ ಇದ್ದಿರಬೇಕು ಅಂತ ಊಹಿಸೋದು ಕಷ್ಟ ಏನಲ್ಲ.

ಇವತ್ತು ಜೆನಿತ್ ಕಂಪನಿ ಆ ಅಟ್ಟವನ್ನ ಬಂದವರಿಗೆ ತೋರಿಸುತ್ತೆ. ವೆರ್ಮೊ ಕಥೆ ಅವರ ಮಾರ್ಕೆಟಿಂಗ್‌ನ ಭಾಗ. ಗುಜರಿಗೆ ಹಾಕು ಅಂದ ಕಂಪನಿ, ಹಾಕದೇ ಇದ್ದವರ ಹೆಸರಲ್ಲಿ ಈಗ ವಾಚು ಮಾರ್ತಿದೆ. ಇದನ್ನ ಕೇಳುವಾಗ ಸಣ್ಣ ನಗು ಬರೋದು ಸಹಜ.

ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣದ ಸಾಲು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಅಕೌಂಟ್ಸ್ ಓದಿದವರಿಗೆ ಗೊತ್ತು, ಯಂತ್ರದ ಬೆಲೆ ಪ್ರತಿ ವರ್ಷ ಸವಕಳಿಯಲ್ಲಿ ಕರಗಿ, ಕೊನೆಗೆ ಗುಜರಿ ಬೆಲೆಯೊಂದೇ ಉಳಿಯುತ್ತೆ. ಪುಸ್ತಕದ ಪ್ರಕಾರ ಆ ಪ್ರೆಸ್‌ಗಳ ಬೆಲೆ ಉಕ್ಕಿನ ತೂಕದಷ್ಟೇ. ಲೆಕ್ಕ ತಪ್ಪಲ್ಲ. ಆದರೆ ಅದರಲ್ಲಿ ಒಂದು ಸಾಲು ಇಲ್ಲ: ಈ ವಸ್ತು ಹೋದರೆ ಮತ್ತೆ ಸಿಗುತ್ತಾ?

ಅಟ್ಟದಲ್ಲಿ ಇಟ್ಟುಕೊಳ್ಳೋಕೆ ಆದ ಖರ್ಚು ಅತ್ಯಲ್ಪ, ಸ್ವಲ್ಪ ಜಾಗ ಅಷ್ಟೇ. ಮಾರಿದ್ದರೆ ಸಿಗ್ತಿದ್ದದ್ದೂ ಅಲ್ಪ. ಆದರೆ ಕಳೆದುಕೊಂಡರೆ ಅದು ಶಾಶ್ವತ. ಇಟ್ಟುಕೊಂಡರೆ ಒಂದು ಸಾಧ್ಯತೆ ಜೀವಂತ. ವೆರ್ಮೊಗೆ ಭವಿಷ್ಯ ಗೊತ್ತಿತ್ತು ಅಂತ ನಾನು ಹೇಳಲ್ಲ. ಎಬೆಲ್, ರೋಲೆಕ್ಸ್ ಬರದೇ ಹೋಗಿದ್ದರೆ ಆ ಅಟ್ಟದಲ್ಲಿ ತುಕ್ಕು ಹಿಡಿದ ಕಬ್ಬಿಣ ಇರ್ತಿತ್ತು, ನಾವು ಅವರ ಹೆಸರನ್ನೂ ಕೇಳ್ತಿರಲಿಲ್ಲ. ಹಿಂದಕ್ಕೆ ತಿರುಗಿಸೋಕೆ ಆಗದ ತೀರ್ಮಾನವನ್ನ ಅವಸರದಲ್ಲಿ ತಗೋಬೇಡಿ ಅನ್ನೋದಷ್ಟೇ ಅವರ ವಾದ. ಅದನ್ನು ಕೇಳಿಸಿಕೊಳ್ಳುವವರು ಇಲ್ಲದಾಗ ಹೊತ್ತುಕೊಂಡು ಮೆಟ್ಟಿಲು ಹತ್ತಿದರು.

ಇನ್ನೊಂದು ಮಾತು. ಅಟ್ಟದಲ್ಲಿ ಇದ್ದದ್ದು ಬರೀ ಉಕ್ಕಾಗಿದ್ದರೆ ಸಾಲುತ್ತಿರಲಿಲ್ಲ. ಯಾವ ಅಚ್ಚನ್ನ ಹೇಗೆ ಕೂರಿಸಬೇಕು, ಯಾವ ಕ್ರಮದಲ್ಲಿ ಅನ್ನೋ ತಿಳಿವಳಿಕೆ ಕೆಲಸಗಾರರ ಕೈಯಲ್ಲಿತ್ತು. ಕೆಲಸ ಹೋದಾಗ ಅವರ ಜೊತೆ ಅದೂ ಹೋಗುತ್ತೆ. ಹತ್ತೇ ವರ್ಷದೊಳಗೆ ಮತ್ತೆ ಶುರುವಾದದ್ದರಿಂದ, ಗೊತ್ತಿರುವವರು ಇನ್ನೂ ಇದ್ದದ್ದರಿಂದ, ಟಿಪ್ಪಣಿ ಇದ್ದದ್ದರಿಂದ ಅದು ಉಳಿಯಿತು. ಮೂವತ್ತು ವರ್ಷ ಆಗಿದ್ದರೆ? ಕಷ್ಟ.

ಈ ಮಾತು ಹೇಳುವಾಗ ನಮ್ಮೂರಿನ ಎಚ್‌ಎಂಟಿ ನೆನಪಾಗದೇ ಇರಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುವಾಯ್ತು. 1978ರಲ್ಲಿ ತುಮಕೂರಿಗೂ ಬಂತು. ಜನತಾ ವಾಚು ಲಕ್ಷುರಿ ಅಲ್ಲ, ಮೇಷ್ಟ್ರು, ಗುಮಾಸ್ತರು ಕಟ್ಟುವ ವಾಚು. ಆದರೆ ಅದರ ಒಳಗಿನ ತತ್ವ ಲ ಲೋಕ್ಲ್‌ನದ್ದೇ: ಸ್ಪ್ರಿಂಗ್, ಹಲ್ಲುಚಕ್ರ, ಬ್ಯಾಲೆನ್ಸ್ ವೀಲ್, 17 ಕಲ್ಲು. 1984ರಲ್ಲಿ, ಅಲ್ಲಿ ಎಲ್ ಪ್ರಿಮೆರೊ ಮರುಹುಟ್ಟು ಪಡೆದ ಅದೇ ವರ್ಷ, ಇಲ್ಲಿ ಟೈಟಾನ್ ಕಂಪನಿ ಹುಟ್ಟಿತು. ಪಕ್ಕದ ಹೊಸೂರಿನಲ್ಲಿ ಕ್ವಾರ್ಟ್ಜ್ ವಾಚು ಮಾಡೋಕೆ ಹೊರಟಿತು. ಮಾರುಕಟ್ಟೆ ಅತ್ತ ತಿರುಗಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಮ್ಯೂಸಿಯಂ ಇದೆ, ಹೋಗಿ ನೋಡಿ, ಚೆನ್ನಾಗಿದೆ.

ಮ್ಯೂಸಿಯಂನಲ್ಲಿ ವಾಚು ಉಳಿಯುತ್ತೆ. ವಾಚು ಮಾಡಿದ ಕೈಗಳಿಗೆ ಗೊತ್ತಿದ್ದದ್ದು ಉಳಿಯೋದು ಯಾರಾದರೂ ಕೇಳಿ ಬರೆದುಕೊಂಡರೆ ಮಾತ್ರ. ಆ ಕಾರ್ಖಾನೆಗಳಲ್ಲಿ ದುಡಿದ ಗಂಡಸರು, ಹೆಂಗಸರು ಈಗ ಬೆಂಗಳೂರು, ತುಮಕೂರಿನ ಬಡಾವಣೆಗಳಲ್ಲಿ ನಿವೃತ್ತಿಯಲ್ಲಿದ್ದಾರೆ. ನಿಮ್ಮ ತಾತ, ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆ ಆಂಟಿ, ಯಾರೇ ಇರಬಹುದು. ಹೇರ್‌ಸ್ಪ್ರಿಂಗ್ ಹೇಗೆ ಕೂರಿಸ್ತಿದ್ದರು, ದಿನಕ್ಕೆ ಎಷ್ಟು ಜೋಡಿಸ್ತಿದ್ದರು, ಕಣ್ಣಿಗೆ ಏನು ಕಟ್ಟಿಕೊಳ್ತಿದ್ದರು, ತಪ್ಪಾದರೆ ಹೇಗೆ ಗೊತ್ತಾಗ್ತಿತ್ತು ಅಂತ ಕೇಳಿ. ಫೋನ್‌ನ ರೆಕಾರ್ಡರ್ ಆನ್ ಮಾಡಿ ಮುಂದೆ ಇಡಿ. ವೆರ್ಮೊ 150 ಪ್ರೆಸ್ ಹೊತ್ತು ಮೆಟ್ಟಿಲು ಹತ್ತಬೇಕಾಯ್ತು, ನಿಮಗೆ ಒಂದು ಬಟನ್ ಒತ್ತಿದರೆ ಸಾಕು.

ರೆಕಾರ್ಡ್ ಮಾಡಿದರೆ ನನಗೂ ಕಳಿಸಿ, ಅವರು ಒಪ್ಪಿದರೆ ಮುಂದೊಂದು ಎಪಿಸೋಡ್‌ನಲ್ಲಿ ಅವರ ದನಿಯಲ್ಲೇ ಕೇಳೋಣ. ಸಿಗ್ತೀನಿ, ನಮಸ್ಕಾರ.